‘ಬರೀ ಕಲ್ಲು ಕಣ್ರೀ, ನೋಡೋಕೆ ಏನಿಲ್ಲ’ ಅಂತ ದುರ್ಗದಿಂದ ವಾಪಸ್ ಹೋಗೋರಿಗೆ

ಚಿತ್ರದುರ್ಗದ ಕೋಟೆಯಿಂದ ಇಳಿದು ಬರೋ ಹತ್ತು ಜನರಲ್ಲಿ ಆರು ಜನ ಚಪ್ಪಲಿ ಒದರ್ತಾ ಹೇಳೋ ಮಾತು ಒಂದೇ: ‘ಬರೀ ಕಲ್ಲು ಕಣ್ರೀ.’ ಸ್ವಾಮಿ, ಅದರ ಹೆಸರೇ ಕಲ್ಲಿನ ಕೋಟೆ. ಕಲ್ಲಿನ ಕೋಟೆಗೆ ಬಂದು ಕಲ್ಲು ಕಂಡಿತು ಅಂತ ಬೇಜಾರಾದ್ರೆ, ಸಮುದ್ರಕ್ಕೆ ಹೋಗಿ ನೀರು ಜಾಸ್ತಿ ಆಯ್ತು ಅಂದಂಗೆ.

ಆ ಕಲ್ಲು ನೋಡೋಕೆ ಇವರು ಕೊಟ್ಟ ಟೈಮ್ ಎಷ್ಟು? ಬೆಂಗಳೂರಿಂದ ಸುಮಾರು 200 ಕಿ.ಮೀ. ಏಳಕ್ಕೆ ಹೊರಟು, ದಾರೀಲಿ ಎರಡು ಕಡೆ ತಿಂಡಿ-ಕಾಫಿ ಮುಗಿಸಿ, ಹನ್ನೊಂದೂವರೆಗೆ ಟಿಕೆಟ್ ಕೌಂಟರ್ ಮುಂದೆ ಪ್ರತ್ಯಕ್ಷ. ಟೆಂಪೋ ಡ್ರೈವರ್ ಗಡಿಯಾರ ತೋರಿಸಿ ‘ಒಂದೂವರೆ ಗಂಟೆ ಸಾರ್, ಆಮೇಲೆ ಚಂದ್ರವಳ್ಳಿ, ಅಲ್ಲಿಂದ ವಾಣಿವಿಲಾಸ ಸಾಗರ’ ಅಂತಾನೆ. ಇವರೂ ತಲೆ ಆಡಿಸ್ತಾರೆ. ನಡು ಮಧ್ಯಾಹ್ನ ದುರ್ಗದ ಬಂಡೆ ಕಾದ ಹೆಂಚು. ಮೇಲಿನ ಬಿಸಿಲಿಗಿಂತ ಕೆಳಗಿನಿಂದ ಹೊಡೆಯೋ ಝಳ ಜಾಸ್ತಿ, ಅದೂ ನಾಲ್ಕು ಗಂಟೆವರೆಗೂ ಇಳಿಯಲ್ಲ. ಎರಡನೇ ಬಾಗಿಲಿಗೆ ಮಕ್ಕಳು ಅಳ್ತಾವೆ, ಮೂರನೆಯದಕ್ಕೆ ದೊಡ್ಡೋರಿಗೇ ಅಳು ಬರುತ್ತೆ. ಅರ್ಧ ಲೀಟರ್ ಬಾಟ್ಲಿ ಖಾಲಿ. ಓಬವ್ವನ ಕಿಂಡಿ ಹತ್ರ ಒಂದು ಸೆಲ್ಫಿ, ವಾಪಸ್. ‘ಕೋಟೆ ನೋಡಿದ್ವಿ.’ ಏನು ನೋಡಿದ್ರಿ?

ಸರಿಯಾಗಿ ನೋಡೋಕೆ ನಾಲ್ಕರಿಂದ ಐದು ಗಂಟೆ ಬೇಕು. ಬೆಳಗ್ಗೆ ಏಳರೊಳಗೆ ಹತ್ತೋಕೆ ಶುರು ಮಾಡಬೇಕು, ಅಂದ್ರೆ ಹಿಂದಿನ ರಾತ್ರಿ ಊರಲ್ಲೇ ಉಳೀಬೇಕು. ಬಸ್ ಸ್ಟ್ಯಾಂಡಿಂದ ಕೋಟೆ ಎರಡು-ಮೂರು ಕಿ.ಮೀ., ಆಟೋದವರಿಗೆ ದಾರಿ ಹೇಳಿಕೊಡೋದೇ ಬೇಡ. ತಲೆಗೆ ಎರಡು ಲೀಟರ್ ನೀರು, ಹಿಡಿತ ಇರೋ ಶೂ. ಟೋಪಿಗೆ ಗಲ್ಲದ ಕೆಳಗೆ ಕಟ್ಟೋ ದಾರ ಇರಲಿ, ಸುತ್ತಲ ಬೆಟ್ಟದ ಮೇಲೆ ಗಾಳಿ ಫ್ಯಾನ್ ಸಾಲು ಸುಮ್ಮನೆ ನೆಟ್ಟಿಲ್ಲ. ಟಿಕೆಟ್ ನಗದಾದ್ರೆ 25 ರೂಪಾಯಿ, ಆನ್‌ಲೈನಾದ್ರೆ 20, ಹದಿನೈದು ವರ್ಷದ ಒಳಗಿನ ಮಕ್ಕಳಿಗೆ ಪುಕ್ಕಟೆ. ಐದು ರೂಪಾಯಿ ಉಳಿಸ್ತೀವಿ ಅಂತ ಕೌಂಟರ್ ಮುಂದೆ ನಿಂತು ನೆಟ್‌ವರ್ಕ್ ಹುಡುಕಿ, ಹಿಂದಿನ ಐವತ್ತು ಜನರನ್ನ ಬಿಸಿಲಿಗೆ ಒಣಗಿಸಬೇಡಿ. ರೂಮಲ್ಲೇ ತಗೊಂಡು ಬನ್ನಿ.

ಇನ್ನು ನಿಜವಾಗಿ ಹೊಟ್ಟೆ ಉರಿಯೋ ವಿಷಯ. ಕೋಟೆ ಶುರುವಾಗೋದು ಟಿಕೆಟ್ ಕೌಂಟರಲ್ಲಿ ಅಲ್ಲ. ಹೊರಸುತ್ತುಗಳು ಊರೊಳಗೇ ಇವೆ. ರಂಗಯ್ಯನ ಬಾಗಿಲು, ಸಿದ್ದಯ್ಯನ ಬಾಗಿಲು, ಉಚ್ಚಂಗಿ ಬಾಗಿಲು, ಲಾಲ್‌ಕೋಟೆ ಬಾಗಿಲು ಅಂತ ಜನ ದಿನಾ ತರಕಾರಿ ಚೀಲ ಹಿಡಿದು ಓಡಾಡ್ತಾರಲ್ಲ, ಅವೆಲ್ಲ ಕೋಟೆ ಬಾಗಿಲುಗಳೇ. ಆ ರಂಗಯ್ಯನ ಬಾಗಿಲ ಹತ್ರಾನೇ ಸರ್ಕಾರಿ ಮ್ಯೂಸಿಯಂ ಇದೆ. ಮ್ಯಾಪ್ ಹೇಳ್ದಂಗೆ ಸೀದಾ ಬೆಟ್ಟದ ಬುಡಕ್ಕೆ ಗಾಡಿ ತಿರುಗಿಸೋರಿಗೆ ಎರಡೂ ಕಾಣಲ್ಲ. ಮೇಲೆ ಹೋಗಿ ಮೂರು ಬಾಗಿಲು ಎಣಿಸಿ ‘ಏಳು ಸುತ್ತು ಅಂದ್ರಲ್ಲ, ಉಳಿದ ನಾಲ್ಕೆಲ್ಲಿ?’ ಅಂತ ಗೈಡನ್ನ ದಬಾಯಿಸ್ತಾರೆ. ಬಾಗಿಲು ಬೇರೆ, ಸುತ್ತು ಬೇರೆ ತಾಯೀ. ಒಂದೊಂದು ಸುತ್ತಿನ ಗೋಡೆಗೂ ಹಲವು ಬಾಗಿಲು, ಅದರ ಪಕ್ಕ ದಿಡ್ಡಿ ಅನ್ನೋ ಸಣ್ಣ ಬಾಗಿಲು, ಜೊತೆಗೆ ಗುಟ್ಟಾಗಿ ನುಸುಳೋ ಕಳ್ಳಗಂಡಿ. ಕೆಲವು ಸುತ್ತನ್ನ ನೀವು ಕಾರಲ್ಲಿ ಎಸಿ ಹಾಕ್ಕೊಂಡು ದಾಟಿ ಬಂದಾಯ್ತು.

ಬಾಗಿಲ ವಿಷಯಕ್ಕೇ ಬರೋಣ, ಯಾಕಂದ್ರೆ ಎಲ್ಲರೂ ದಾಟಿ ಹೋಗ್ತಾರೆ, ಒಬ್ಬರೂ ನಿಲ್ಲಲ್ಲ. ಬೆಟ್ಟದ ಮೇಲಿನ ಬಾಗಿಲಿಗೆ ದಾರಿ ನೆಟ್ಟಗೆ ಹೋಗಲ್ಲ. ಗೋಡೆ ಪಕ್ಕದಲ್ಲಿ ಬಂದು, ತಟ್ಟನೆ ಸೊಟ್ಟ ತಿರುಗಿ, ಎದುರಿಗೆ ಇನ್ನೊಂದು ಗೋಡೆ ಸಿಗುತ್ತೆ. ಆನೆ ಓಡಿ ಬಂದು ಕದಕ್ಕೆ ಹಣೆ ಗುದ್ದಬಾರದು ಅಂತ ಓಟಕ್ಕೆ ಜಾಗಾನೇ ಕೊಟ್ಟಿಲ್ಲ. ತಿರುವಲ್ಲಿ ನಿಂತವರ ನೆತ್ತಿ ಮೇಲೆ ಕಾವಲಿನವರು. ಒಳಗೆ ಬಂದ ಮೇಲೆ ಹಿಂದಕ್ಕೆ ತಿರುಗಿ ಬಾಗಿಲ ಚೌಕಟ್ಟಿನ ಮೂಲೆ ನೋಡಿ. ಕದದ ಗೂಟ ಕೂತು ತಿರುಗ್ತಿದ್ದ ಬಟ್ಟಲಿನಂಥ ಕುಳಿ ಇದೆ, ಬೆರಳಾಡಿಸಿದ್ರೆ ನುಣ್ಣಗಿರುತ್ತೆ. ಹಾಗೇ ಮೊಣಕೈ ಮೇಲಿನ ಎತ್ತರಕ್ಕೆ ಗೋಡೆಯಲ್ಲಿ ಚೌಕ ತೂತು. ಅದು ಅಗುಳಿ ತೂತು. ಅಡ್ಡಮರವನ್ನ ಹಗಲು ಗೋಡೆಯೊಳಗೇ ಸರಿಸಿಟ್ಟು, ರಾತ್ರಿ ಎಳೆದು ಎದುರು ಗೋಡೆ ತೂತಿಗೆ ಸಿಗಿಸೋದು. ಸುರಂಗ ಶ್ರೀರಂಗಪಟ್ಟಣಕ್ಕೆ ಹೋಗುತ್ತೆ ಅನ್ನೋ ಕಟ್ಟುಕಥೆಗೆ ಬಾಯಿ ಬಿಟ್ಕೊಂಡು ನಿಲ್ಲೋ ಜನ ಈ ತೂತಿಗೆ ಬೆನ್ನು ಕೊಟ್ಟು ಫೋಟೋ ತೆಗೆಸ್ಕೋತಾರೆ.

ಗೈಡ್ ಮೇಲೆ ಪೂರ್ತಿ ತಪ್ಪು ಹಾಕೋಕೂ ಆಗಲ್ಲ. ಚಿಪ್ಸಿಗೆ ಲೆಕ್ಕ ಇಲ್ಲದೆ ಕೊಟ್ಟು, ಎರಡು ಗಂಟೆ ಗಂಟಲು ಹರ್ಕೊಳ್ಳೋನ ಹತ್ರ ನೂರು ರೂಪಾಯಿಗೆ ಚೌಕಾಸಿ. ಆಮೇಲೆ ‘ಆಕ್ಷನ್ ಇರೋದು ಹೇಳಪ್ಪ’ ಅಂತ ಆರ್ಡರ್. ಅವನೂ ಸಿಕ್ಕಿದ್ದು ಬಿಡ್ತಾನೆ.

ಮದ್ದು ಬೀಸುವ ಕಲ್ಲು ಇರೋ ಹಳ್ಳ ನೋಡಿ. ನೆಲಮಟ್ಟಕ್ಕಿಂತ ಕೆಳಗೆ, ಸುತ್ತ ಕಲ್ಲು ಕಟ್ಟಿದ ಗುಂಡಿ, ಒಳಗೆ ನಾಲ್ಕು ಬೃಹತ್ ಬೀಸುಕಲ್ಲು. ಮೇಲಿಂದ ಬಗ್ಗಿ ನೋಡಿ ‘ಓ, ರಾಗಿ ಬೀಸ್ತಿದ್ರು’ ಅಂತಾರೆ. ಇಷ್ಟು ದೊಡ್ಡ ಕಲ್ಲಲ್ಲಿ ರಾಗಿ ಬೀಸಿ ಯಾರಿಗೆ ಮುದ್ದೆ ಮಾಡ್ತಿದ್ರು, ಘಟೋತ್ಕಚನಿಗಾ? ಅಲ್ಲಿ ಬೀಸ್ತಿದ್ದದ್ದು ಕೋವಿ ಮದ್ದು. ಪೆಟ್ಲುಪ್ಪು, ಗಂಧಕ, ಇದ್ದಿಲು ಮೂರೂ ಒಂದರೊಳಗೊಂದು ನುಣ್ಣಗೆ ಸೇರಬೇಕು, ಮುಕ್ಕಾಲು ಪಾಲಿನಷ್ಟು ಪೆಟ್ಲುಪ್ಪೇ. ಒಣಗಿಸಿ ಅರೆದ್ರೆ ಕಿಡಿ ಹಾರಿ ಅರೆಯೋರೇ ಹಾರ್ತಾರೆ, ಅದಕ್ಕೇ ಮದ್ದನ್ನ ನೀರು ಚಿಮುಕಿಸಿ ತೇವದಲ್ಲಿ ಅರೆಯೋದು ವಾಡಿಕೆ. ಈಗ ಆ ಗುಂಡಿಯೊಳಗೆ ನಾಣ್ಯ ಎಸೆದು ಕೈ ಮುಗಿಯೋರಿದ್ದಾರೆ. ಯಾವ ದೇವರಿಗೆ ಅಂತ ಅವರಿಗೂ ಗೊತ್ತಿಲ್ಲ.

ನೀರಿನ ಲೆಕ್ಕಕ್ಕೆ ಬಂದ್ರೆ ಇನ್ನೂ ಸಿಟ್ಟು. ಮಳೆ ಕಮ್ಮಿ ಇರೋ ಬಯಲುಸೀಮೆಯ ಬೆಟ್ಟದ ತಲೆ ಮೇಲೆ ಒಂದು ದಂಡು, ಅರಮನೆ, ಕುದುರೆ, ಆನೆ, ಇಷ್ಟಕ್ಕೂ ನೀರು ಹೊಂದಿಸಿದ್ದು ಹೇಗೆ ಅನ್ನೋದೇ ಈ ಕೋಟೆಯ ನಿಜವಾದ ಕರಾಮತ್ತು. ಬಂಡೆ ನೀರು ಹೀರಲ್ಲ, ಬಿದ್ದದ್ದೆಲ್ಲ ಹರಿಯುತ್ತೆ. ಹರಿಯೋದನ್ನ ಮೊದಲು ಮೇಲಿನ ಗೋಪಾಲಸ್ವಾಮಿ ಹೊಂಡದಲ್ಲಿ ಹಿಡಿದ್ರು. ಅದು ತುಂಬಿ ಕೋಡಿ ಬಿದ್ರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಮುಂದೆ ಕೆಳಗಿನ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರ ನಡುವಿನ ಸಂತೆ ಹೊಂಡಕ್ಕೆ. ಒಂದು ಹನಿ ಬೆಟ್ಟದಿಂದ ಪೇಟೆ ತಲುಪೋದ್ರೊಳಗೆ ಎಷ್ಟೋ ಜನಕ್ಕೆ ಉಪಯೋಗಕ್ಕೆ ಬಂದಿರುತ್ತೆ. ಇಂಥ ಸಾಲಿನಲ್ಲಿ ಕೆಡೋದು ಕೋಡಿ ಬಾಯಿ. ಹೊಂಡದೊಳಗೆ ಬಿದ್ದ ಬಾಟ್ಲಿ ತೇಲುತ್ತೆ, ತೇಲಿ ಕೋಡಿ ಬಾಯಿಗೇ ಬಂದು ನಿಲ್ಲುತ್ತೆ, ಅದಕ್ಕೆ ಎಲೆ, ಅದಕ್ಕೆ ಹೂಳು. ನೀರು ಬೇರೆ ದಾರಿ ಹುಡುಕುತ್ತೆ, ಗೋಡೆ ಬುಡಕ್ಕೆ ಹೋಗುತ್ತೆ. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಹೊಂದಿಸಿ ಕಟ್ಟಿದ ಗೋಡೆ ಅದು. ಬುಡದ ಮಣ್ಣು ಸರಿದ್ರೆ ಒಂದು ಕಲ್ಲು ಜಗ್ಗುತ್ತೆ, ಒಂದು ಜಗ್ಗಿದ್ರೆ ಮೇಲಿನ ಸಾಲೇ ಹೊಟ್ಟೆ ಬಿಡುತ್ತೆ. ‘ಒಂದು ಬಾಟ್ಲಿ ತಾನೆ’ ಅಂತ ಎಸೆಯೋರಿಗೆ ಇದೆಲ್ಲ ಯಾರು ಹೇಳ್ಬೇಕು?

ಮಣ್ಣಿನ ಗೋಡೆಗಳ ಕಥೆ ಇದಕ್ಕಿಂತ ಕೆಟ್ಟದ್ದು. ಒಳಕೋಟೆಯಲ್ಲಿ ಅರಮನೆ, ಕಣಜ ಇದ್ದ ಕಡೆ ಬರೀ ಮಣ್ಣಲ್ಲಿ ಎಬ್ಬಿಸಿದ ದಪ್ಪ ಗೋಡೆಗಳು ನಿಂತಿವೆ. 1779ರಲ್ಲಿ ಹೈದರಾಲಿ ಕೋಟೆ ಹಿಡಿದು ಕೊನೇ ಮದಕರಿ ನಾಯಕನ ಆಳ್ವಿಕೆ ಮುಗಿಸಿದ. ಅಲ್ಲಿಂದ ಲೆಕ್ಕ ಹಾಕಿದ್ರೂ ಇನ್ನೂರು ಮಳೆಗಾಲ ದಾಟಿದ ಮಣ್ಣು. ಮಣ್ಣಿನ ಗೋಡೆಗೆ ಪಕ್ಕದಿಂದ ಹೊಡೆಯೋ ಮಳೆ ದೊಡ್ಡ ಶತ್ರು ಅಲ್ಲ, ನೆತ್ತಿ ಮೇಲೆ ನಿಲ್ಲೋ ನೀರು ಶತ್ರು. ಗಟ್ಟಿಯಾದ ಮೇಲ್ಪದರ ಇರೋವರೆಗೆ ನೀರು ಜಾರಿ ಹೋಗುತ್ತೆ. ಯಾವನೋ ರೀಲ್ಸಿಗೆ ಅಂತ ಮೇಲೆ ಹತ್ತಿ ನಿಂತ. ಶೂ ಹಿಮ್ಮಡಿ ಒಂದಿಂಚು ಗುಳಿ ಮಾಡ್ತು. ಮುಂದಿನ ಮಳೆಗೆ ಆ ಗುಳಿಯಲ್ಲಿ ನೀರು ನಿಲ್ತು, ಅದರ ಮುಂದಿನದಕ್ಕೆ ಗುಳಿ ಕಾಲುವೆ ಆಯ್ತು, ಒಂದಿನ ಗೋಡೆ ಮೇಲಿಂದ ಕೆಳಗೆ ಸೀಳಿ ಬಿತ್ತು. ಹದಿನೈದು ಸೆಕೆಂಡ್ ವಿಡಿಯೋ ಅಷ್ಟೊತ್ತಿಗೆ ಯಾರಿಗೂ ನೆನಪಿರಲ್ಲ.

ಹೆಸರು ಕೆತ್ತೋ ಪ್ರೇಮಿಗಳೇ, ನಿಮ್ಮ ಮದುವೆ ಆಯ್ತೋ ಇಲ್ವೋ ಗೊತ್ತಿಲ್ಲ, ಗೀಚಿದ್ದು ಮಾತ್ರ ಇದೆ. ಬಂಡೆ ಮೇಲಿನ ಕಪ್ಪು-ಕಂದು ಚರ್ಮ ಬಿಸಿಲು ಮಳೆ ತಿಂದು ಶತಮಾನಗಟ್ಟಲೆ ಕೂತದ್ದು. ಕೀಲಿಕೈಯಲ್ಲಿ ಎಳೆದ ಗೆರೆ ಬೆಳ್ಳಗೆ ಕಾಣೋದು ಆ ಚರ್ಮ ಹರಿದಿರೋದ್ರಿಂದ. ತಂತಿ ಬ್ರಷ್ ಹಾಕಿ ಉಜ್ಜಿದ್ರೆ ಗೆರೆ ಹೋಗಲ್ಲ, ಸುತ್ತಲ ಚರ್ಮವೂ ಹೋಗುತ್ತೆ. ಆಯಿಲ್ ಪೇಂಟ್ ಇನ್ನೂ ಕಷ್ಟ, ಕಲ್ಲಿನ ಹರಳುಗಳ ಸಂದಿಗೆ ಇಳಿಯುತ್ತೆ. ರಕ್ಷಿತ ಸ್ಮಾರಕ ಹಾಳು ಮಾಡಿದ್ರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಅದನ್ನ ನೀಲಿ ಬೋರ್ಡಲ್ಲಿ ಬರೆದೂ ಇದ್ದಾರೆ. ಆ ಬೋರ್ಡಿನ ಮೇಲೇ ಹೃದಯ ಬಿಡಿಸಿ ಬಾಣ ಚುಚ್ಚಿದ ಮಹಾನುಭಾವರು ಇದ್ದಾರೆ. ಹಾಗಂತ ಬೋರ್ಡ್ ಬರೆಸಿದೋರೂ ಸುಮ್ಮನಿರಬೇಕಿಲ್ಲ. ಏನು ಮಾಡಬಾರದು ಅಂತ ಹತ್ತು ಸಾಲು, ಎದುರಿಗಿರೋದು ಏನು ಅಂತ ಒಂದೂವರೆ ಸಾಲು. ಜನಕ್ಕೆ ಗೊತ್ತಾಗೋದಾದ್ರೂ ಹೇಗೆ?

ಓಬವ್ವನ ಕಿಂಡಿ ಮುಖ್ಯ ದಾರಿಯಿಂದ ಬದಿಗೆ ಇಳಿದ ಕಡೆ, ತಣ್ಣೀರು ದೋಣಿ ಪಕ್ಕ. ಒಬ್ಬರು ಬಗ್ಗಿ ನುಸುಳೋವಷ್ಟೇ ಜಾಗ. ಕಾವಲುಗಾರ ಮುದ್ದಹನುಮನ ಹೆಂಡತಿ ನೀರಿಗೆ ಬಂದಾಗ ಹೈದರನ ಸೈನಿಕರು ನುಸುಳೋದು ಕಂಡು ಒನಕೆ ಹಿಡಿದು ನಿಂತಳು ಅನ್ನೋ ಕಥೆ ಎಲ್ಲರಿಗೂ ಬಾಯಿಪಾಠ. ಅದು ಯಾಕೆ ಸಾಧ್ಯ ಆಯ್ತು ಅನ್ನೋದು ಅಲ್ಲಿ ನಿಂತ್ರೆ ಮಾತ್ರ ಅರ್ಥ ಆಗೋದು. ತೂರೋವಾಗ ತಲೆ ಮೊದಲು ಬರುತ್ತೆ, ಕೈ ಆಮೇಲೆ. ಕತ್ತಿ ಎತ್ತೋ ಮಾತೇ ಇಲ್ಲ. ಒಂದು ನಿಮಿಷ ಸುಮ್ಮನೆ ನೋಡೋಣ ಅಂದ್ರೆ ಕಿಂಡಿ ಬಾಯಲ್ಲಿ ಒಂದು ಕುಟುಂಬ ಪ್ಲಾಸ್ಟಿಕ್ ಒನಕೆ ಹಿಡಿದು ಏಳನೇ ಟೇಕ್ ತಗೊಳ್ತಿರುತ್ತೆ, ಹಿಂದೆ ನಲವತ್ತು ಜನ.

ತುಪ್ಪದ ಕೊಳದ ಬಂಡೆಗೆ ಒಂದೇ ಮಾತು. ಅದಕ್ಕೆ ಮೆಟ್ಟಿಲಿಲ್ಲ, ಬಂಡೆಯಲ್ಲಿ ಕಾಲಿಡೋಕೆ ಕಚ್ಚು ಕೊರೆದಿದ್ದಾರೆ ಅಷ್ಟೆ. ಹತ್ತೋದು ಸುಲಭ, ಇಳಿಯೋವಾಗ ಕಚ್ಚು ಕಣ್ಣಿಗೆ ಕಾಣಲ್ಲ. ಬೆಟ್ಟಕ್ಕೆ ಮುಖ ಮಾಡಿ ಹಿಂದಕ್ಕೆ ಇಳೀಬೇಕು. ಮಳೆ ಬಿದ್ದ ದಿನ, ಹವಾಯಿ ಚಪ್ಪಲಿಯಲ್ಲಿ, ಕಂಕುಳಲ್ಲಿ ಮಗು ಇಟ್ಕೊಂಡು ಹತ್ತೋರಿಗೆ ಏನು ಹೇಳೋದು ಅಂತ ನಿಜವಾಗ್ಲೂ ತೋಚಲ್ಲ. ತಿಂಡಿ ಕೈಯಲ್ಲಿ ಹಿಡ್ಕೊಂಡು ನಡೀಬೇಡಿ. ಕೋತಿ ಕಿತ್ಕೊಂಡ್ರೆ ಅದು ಕೋತಿ ತಪ್ಪಲ್ಲ.

ಈಗ ಮ್ಯೂಸಿಯಂ. ಬೆಳಗ್ಗೆ ಹತ್ತಿದೋರು ಹನ್ನೊಂದೂವರೆ, ಹನ್ನೆರಡಕ್ಕೆ ಇಳಿದು ಬರ್ತಾರೆ. ಆಗ ಹೊರಗೆ ಬಿಸಿಲು, ಮ್ಯೂಸಿಯಂ ಒಳಗೆ ನೆರಳು. ಇದಕ್ಕಿಂತ ಒಳ್ಳೇ ಜೋಡಣೆ ಬೇಕಾ? ಆದ್ರೆ ಸೋಮವಾರ ಬರೋರು ಬಂದೇ ಬರ್ತಾರೆ. ಸೋಮವಾರ ರಜ, ಸರ್ಕಾರಿ ರಜಾ ದಿನಾನೂ ರಜ. ಲಾಂಗ್ ವೀಕೆಂಡ್ ಅಂತ ಲೆಕ್ಕ ಹಾಕಿ ಬರೋ ಬುದ್ಧಿವಂತರು ಬೀಗ ನೋಡಿ ಊರನ್ನೇ ಬೈತಾರೆ. ಬೆಟ್ಟ ಕೇಂದ್ರದವರ ಕೈಲಿ, ಮ್ಯೂಸಿಯಂ ರಾಜ್ಯದವರ ಕೈಲಿ. ಒಂದು ತೆರೆದಿದ್ರೆ ಇನ್ನೊಂದೂ ತೆರೆದಿರುತ್ತೆ ಅನ್ಕೋಬೇಡಿ.

ಒಳಗೆ ಹೋದೋರೂ ಹತ್ತು ನಿಮಿಷಕ್ಕೆ ಆಚೆ. ಕತ್ತಿ ಎಲ್ಲಿ, ಫಿರಂಗಿ ಎಲ್ಲಿ, ಮುಗೀತು. ವೀರಗಲ್ಲು ಮುಂದೆ ಒಬ್ಬರೂ ನಿಲ್ಲಲ್ಲ. ಅದನ್ನ ಕೆಳಗಿಂದ ಮೇಲಕ್ಕೆ ಓದಬೇಕು. ಕೆಳಪಟ್ಟಿಯಲ್ಲಿ ಕಾಳಗ, ನಡುವೆ ಸತ್ತವನನ್ನ ಅಪ್ಸರೆಯರು ಕರ್ಕೊಂಡು ಹೋಗೋದು, ಮೇಲೆ ಶಿವನ ಮುಂದೆ ಕೂತಿರೋದು. ತುರು ಕಾಯೋಕೆ ಹೋಗಿ ಸತ್ತವನ ಕಲ್ಲಾದ್ರೆ ಕೆಳಗೆ ಹಸುಗಳಿರ್ತಾವೆ. ಮೊಬೈಲ್ ಟಾರ್ಚನ್ನ ಎದುರಿಂದ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಹಿಡೀರಿ, ಸವೆದ ಮುಖವೂ ಎದ್ದು ಕಾಣುತ್ತೆ. ಮಡಕೆ ಚೂರು ನೋಡಿ ‘ಇದನ್ನೆಲ್ಲ ಯಾಕಿಟ್ಟಿದ್ದಾರೆ’ ಅನ್ನೋರಿಗೆ: ಚಂದ್ರವಳ್ಳಿ, ಬ್ರಹ್ಮಗಿರಿ ಎರಡೂ ಕಡೆ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ್ದು ಇಂಥ ಚೂರುಗಳಿಗೇ. ಚಂದ್ರವಳ್ಳಿಯ ಮಣ್ಣಲ್ಲಿ ಶಾತವಾಹನರ ನಾಣ್ಯದ ಜೊತೆ ರೋಮಿನ ಅಗಸ್ಟಸ್, ಟೈಬೀರಿಯಸ್ ಹೆಸರಿನ ಬೆಳ್ಳಿ ನಾಣ್ಯ ಸಿಕ್ಕಿವೆ. ಚೂರು ಯಾವ ಪದರದ್ದು, ನಾಣ್ಯ ಯಾವ ಪದರದ್ದು ಅಂತ ಜೋಡಿಸಿಯೇ ದಕ್ಷಿಣದ ಕಾಲಗಣನೆಗೆ ಒಂದು ಹಿಡಿ ಸಿಕ್ಕಿದ್ದು. ಪಾಳೆಗಾರರು ಬರೋಕೆ ಸಾವಿರದೈನೂರು ವರ್ಷ ಮೊದಲೇ ಈ ಬೆಟ್ಟದ ಬುಡದಲ್ಲಿ ರೋಮಿನ ದುಡ್ಡು ಓಡಾಡಿದೆ. ಗಾಜಿನ ಪೆಟ್ಟಿಗೆ ಮುಂದೆ ತಲೆ ಬಾಚ್ಕೊಂಡು, ಎಸಿ ಇಲ್ವಾ ಅಂತ ಕೇಳಿ ಹೋಗ್ತೀರಲ್ಲ!

ಮತ್ತೆ ಆ ಅಗುಳಿ ತೂತು. ಇಳಿಯೋವಾಗಲಾದ್ರೂ ನೋಡೋಣ ಅನ್ಸಿದ್ರೆ ಕೈ ಹಾಕಬೇಡಿ, ಚೇಳಿರುತ್ತೆ. ಟಾರ್ಚ್ ಬಿಟ್ಟು ಬಗ್ಗಿ ನೋಡಿ. ಮರ ಉಜ್ಜಿ ಉಜ್ಜಿ ಸವೆದ ಕಲ್ಲು ಕಾಣಬೇಕು. ಕಾಣೋದು ಖಾರಾ ಸೇವಿನ ಪೊಟ್ಟಣ, ಮಡಿಚಿ ಮಡಿಚಿ ನೀಟಾಗಿ ಒಳಗೆ ತುರುಕಿದ್ದು.