ಮೊದಲ ನಾಲ್ಕು ವರ್ಷದ ಲೆಕ್ಕವನ್ನೂ ಕೊಡಿ

ಕುಷ್ಟಗಿ, ಯಲಬುರ್ಗಾ ಕಡೆಯ ರೈತರು ಸಜ್ಜೆ, ಮೆಕ್ಕೆಜೋಳ ಬಿಟ್ಟು ಮಾವು, ದಾಳಿಂಬೆ ಹಾಕಿದರೆ ಲಾಭ ಜಾಸ್ತಿ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ. ಮಾತು ಸುಳ್ಳಲ್ಲ. ನಮ್ಮ ಕೊಪ್ಪಳದ ಕೇಸರ್ ಮಾವಿಗೆ ಒಳ್ಳೆ ಹೆಸರೂ ಇದೆ. ಆದರೆ ಫಸಲು ಬಂದ ಮೇಲಿನ ಲೆಕ್ಕ ಮಾತ್ರ ಕೊಟ್ಟರೆ ಸಾಲದು ಅಲ್ವಾ?

ಸಜ್ಜೆ ಮೂರು ತಿಂಗಳಲ್ಲಿ ಮನೆಗೆ ಬರುತ್ತದೆ. ಕಸಿ ಮಾವು ಸರಿಯಾಗಿ ಫಲ ಕೊಡಲು ನಾಲ್ಕೈದು ವರ್ಷ ಬೇಕು, ದಾಳಿಂಬೆಗೆ ಎರಡು ಮೂರು ವರ್ಷ. ಅಲ್ಲಿಯವರೆಗೆ ಸಾಲದ ಬಡ್ಡಿ ನಿಲ್ಲುವುದಿಲ್ಲ. ಸಜ್ಜೆ, ಮೆಕ್ಕೆಜೋಳ ಬಿಟ್ಟ ಮೇಲೆ ದನಗಳಿಗೆ ಕಣಿಕೆಯನ್ನೂ (ಒಣ ದಂಟಿನ ಮೇವು) ಕೊಂಡು ತರಬೇಕು, ಈ ಖರ್ಚನ್ನು ಯಾರೂ ಬರೆಯುವುದೇ ಇಲ್ಲ. ಹನಿ ನೀರಾವರಿಗೆ ಸಬ್ಸಿಡಿ ಸಿಗುತ್ತದೆ, ಸರಿ. ಬೋರ್‌ವೆಲ್ ಬತ್ತಿದರೆ? ಸಜ್ಜೆ ಒಣಗಿದರೆ ಒಂದು ಹಂಗಾಮು ಹೋಯಿತು. ಗಿಡ ಒಣಗಿದರೆ ಅಷ್ಟೂ ವರ್ಷ ಹಾಕಿದ ದುಡ್ಡು ಹೋಯಿತು.

ದಾಳಿಂಬೆ ಬಗ್ಗೆ ನನಗೆ ಇನ್ನೂ ಭಯ. 2000ರ ದಶಕದಲ್ಲಿ ದುಂಡಾಣು ಅಂಗಮಾರಿ (ಬ್ಯಾಕ್ಟೀರಿಯಾದಿಂದ ಎಲೆ, ಕಾಯಿ ಮೇಲೆ ಚುಕ್ಕೆ ಬೀಳುವ ರೋಗ) ಬಂದು ನಮ್ಮ ಜಿಲ್ಲೆಯಲ್ಲಿ ಎಷ್ಟೋ ತೋಟ ಹಾಳಾದವು. ಆ ರೋಗ ಸಸಿಯ ಜೊತೆಗೇ ಬರಬಹುದು. ಮಳೆ ಹನಿ ಸಿಡಿದು ಗಿಡದಿಂದ ಗಿಡಕ್ಕೆ ಹರಡುತ್ತದೆ. ಕಡಿಮೆ ರೇಟಿಗೆ ಸಿಕ್ಕಿತು ಅಂತ ಎಲ್ಲಿಂದಲೋ ಸಸಿ ತರಬೇಡಿ.

ಐದು ಎಕರೆ ಇದ್ದವರು ಮೊದಲು ಒಂದು ಎಕರೆಗೆ ಮಾವು ಹಾಕಲಿ. ಗಿಡದಿಂದ ಗಿಡಕ್ಕೂ ಸಾಲಿನಿಂದ ಸಾಲಿಗೂ 5 ಮೀಟರ್ ಅಂತರ ಕೊಟ್ಟರೆ ಎಕರೆಗೆ ಸುಮಾರು 160 ಗಿಡ ಹಿಡಿಯುತ್ತವೆ. ಮೊದಲ ವರ್ಷಗಳಲ್ಲಿ ಸಾಲಿನ ನಡುವೆ ಶೇಂಗಾ, ಹೆಸರು ಬೆಳೆಯಬಹುದು. ಉಳಿದ ಹೊಲದಲ್ಲಿ ಸಜ್ಜೆ, ತೊಗರಿ ಇರಲಿ. ಇವಕ್ಕೆ ಬೆಂಬಲ ಬೆಲೆಯಾದರೂ ಇದೆ.