ಪೌಡರ್ ಹಚ್ಕೋಬೇಡಿ ಅನ್ನೋಕೆ ಏನು ಕಷ್ಟ?

ಇವತ್ತೂ ಡಾಕ್ಟರದು ಅದೇ ಚೀಟಿ. ‘ಮ್ಯಾಮೊ, ಎರಡೂ ಕಡೆ.’ ಮೂರೇ ಪದ. ಹೋಟೆಲಲ್ಲಿ ‘ಎರಡು ಇಡ್ಲಿ, ಒಂದು ವಡೆ’ ಅಂದಹಾಗೆ. ಮ್ಯಾಮೊ ಅಂದ್ರೆ ಮ್ಯಾಮೊಗ್ರಾಂ, ಸ್ತನ ಕ್ಯಾನ್ಸರ್ ಇದೆಯಾ ಅಂತ ನೋಡೋ ಎಕ್ಸ್‌ರೇ.

ಚೀಟಿ ಹಿಡಿದು ಬಂದ ಅಮ್ಮ, ಪಾಪ, ಆಸ್ಪತ್ರೆಗೆ ಹೋಗೋದಲ್ವಾ ಅಂತ ಸ್ನಾನ ಮಾಡಿ ಕಂಕುಳ ತುಂಬ ಪೌಡರ್ ಹಚ್ಕೊಂಡಿದ್ರು. ಆ ಪೌಡರ್, ಡಿಯೋಡರೆಂಟಲ್ಲಿರೋ ಅಲ್ಯೂಮಿನಿಯಂ, ಎರಡೂ ಎಕ್ಸ್‌ರೇಯಲ್ಲಿ ಬಿಳಿ ಚುಕ್ಕಿಯಾಗಿ ಕಾಣ್ತವೆ. ನಾವು ಹುಡುಕೋದೂ ಅಂಥದ್ದನ್ನೇ: ಅರ್ಧ ಮಿಲಿಮೀಟರ್‌ಗಿಂತ ಸಣ್ಣ ಸುಣ್ಣದ (ಕ್ಯಾಲ್ಸಿಯಂ) ಕಣ. ಒರೆಸಿ, ಮತ್ತೆ ತೆಗೀಬೇಕು. ಮತ್ತೆ ಒತ್ತಬೇಕು!

ಹೌದು, ಒತ್ತುತ್ತಾರೆ. ಅದನ್ನೂ ಯಾರೂ ಹೇಳಿರಲ್ಲ. ನಿಂತ ಹಾಗೇ ಒಂದೊಂದು ಸ್ತನವನ್ನೂ ತಟ್ಟೆ ಮೇಲಿಟ್ಟು, ಮೇಲಿಂದ ಪಾರದರ್ಶಕ ಪ್ಲಾಸ್ಟಿಕ್ ಹಲಗೆ ಇಳಿಸ್ತಾರೆ. ಮೇಲಿಂದೊಂದು, ಕಂಕುಳೂ ಸೇರೋ ಹಾಗೆ ಓರೆಯಾಗಿ ಒಂದು. ಎರಡೂ ಕಡೆಗೆ ಸಾಮಾನ್ಯವಾಗಿ ನಾಲ್ಕು ಚಿತ್ರ. ಪ್ರತಿ ಸಲ ಕೆಲವೇ ಸೆಕೆಂಡು ಅಲ್ಲಾಡದೆ ಉಸಿರು ಹಿಡೀಬೇಕು. ಕೆಲವರಿಗೆ ಚೆನ್ನಾಗೇ ನೋಯುತ್ತೆ. ತಡೆಯೋಕಾಗದಿದ್ರೆ ಬಾಯಿಬಿಟ್ಟು ಹೇಳಿ, ಸಡಿಲ ಮಾಡ್ತಾರೆ. ಹಿಟ್ಟಿನ ಮುದ್ದೆಯೊಳಗಿನ ಕಲ್ಲು ಕಾಣಲ್ಲ, ತಟ್ಟಿದ ರೊಟ್ಟೀಲಿ ಕಾಣುತ್ತೆ, ಒತ್ತೋದು ಅದಕ್ಕೇ. ತೆಳುವಾದಷ್ಟೂ ವಿಕಿರಣವೂ ಕಮ್ಮಿ ಸಾಕು. ಒಟ್ಟು ಸುಮಾರು 0.4 ಮಿಲಿಸೀವರ್ಟ್, ಅಂದ್ರೆ ಸುಮ್ಮನೆ ಮನೇಲಿದ್ರೂ ಪ್ರಕೃತಿಯಿಂದ ಏಳು ವಾರಕ್ಕೆ ಸಿಗೋವಷ್ಟು.

ಮುಟ್ಟಾಗೋರು ಮುಟ್ಟು ಮುಗಿದ ಮುಂದಿನ ವಾರ ಬಂದ್ರೆ ನೋವು ಕಮ್ಮಿ. ನೈಟಿ, ಉದ್ದ ಗೌನ್ ಬೇಡ. ಸೊಂಟದ ಮೇಲಿನ ಬಟ್ಟೆ ಮಾತ್ರ ತೆಗೆಯೋ ಹಾಗಿರಲಿ. ತಾಳಿ ಸರ ತೆಗೆಯೋಕೆ ಮನಸ್ಸಿಲ್ವಾ? ಬೆನ್ನ ಹಿಂದಕ್ಕೆ ಹಾಕ್ಕೊಳ್ಳಿ, ಜಗಳ ಬೇಡ. ಗರ್ಭಿಣಿಯಾಗಿರೋ ಅನುಮಾನ ಇದ್ರೆ ಮೊದಲೇ ಹೇಳಿ.

‘ಇಷ್ಟೆಲ್ಲ ಹೇಳಿದ್ರೆ ಹೆದರಿ ಬರೋದೇ ಇಲ್ಲ’ ಅಂತಾರೆ ಚೀಟಿ ಬರೆಯೋರು. ಅಮೆರಿಕದಲ್ಲಿ 40ರಿಂದ 74 ವಯಸ್ಸಿನವರೆಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೊ ಅಂತ 2024ರಲ್ಲಿ ಸಲಹೆ ಬಂತು; ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿರೋದು 30 ದಾಟಿದವರಿಗೆ ಕೈಯಲ್ಲಿ ಮುಟ್ಟಿ ನೋಡೋ ಪರೀಕ್ಷೆ. ಇಲ್ಲಿ ಮ್ಯಾಮೊಗೆ ಬರೋರೇ ಕಮ್ಮಿ, ನಿಜ. ಆದ್ರೆ ಹೇಳದೆ ಕೇಳದೆ ಒತ್ತಿಸಿಕೊಂಡು ಹೋದವಳು ಮತ್ತೆ ಬರ್ತಾಳಾ? ಬೀದಿಯ ಹತ್ತು ಜನರನ್ನೂ ತಡೀತಾಳೆ.

ರಿಪೋರ್ಟಿನದೂ ಇದೇ ಹಣೆಬರಹ. ಬೈರಾಡ್ಸ್ ಅಂದ್ರೆ ಮ್ಯಾಮೊ ರಿಪೋರ್ಟಲ್ಲಿ ಕೊಡೋ ದರ್ಜೆ. ‘ಬೈರಾಡ್ಸ್ 0’ ನೋಡಿ ಒಬ್ಬರು ‘ಸೊನ್ನೆ, ಏನೂ ಇಲ್ಲ’ ಅಂತ ಫೈಲು ಒಳಗಿಡ್ತಾರೆ, ಇನ್ನೊಬ್ಬರು ಅಳ್ತಾರೆ. ಎರಡೂ ತಪ್ಪು. ಇನ್ನೊಂದು ಚಿತ್ರ, ಸ್ಕ್ಯಾನಿಂಗ್ ಅಥವಾ ಹಳೇ ಫಿಲ್ಮ್ ನೋಡದೆ ತೀರ್ಮಾನ ಆಗಲ್ಲ ಅಂತ ಅರ್ಥ, ಅಷ್ಟೇ. 1, 2 ಅಂದ್ರೆ ನಿರಾಳ. 3ಕ್ಕೆ ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ. 4, 5ಕ್ಕೆ ಸೂಜಿ ಪರೀಕ್ಷೆ. ಸ್ತನ ದಟ್ಟವಾಗಿದ್ರೆ (ಕೊಬ್ಬು ಕಮ್ಮಿ, ಗ್ರಂಥಿ ಜಾಸ್ತಿ) ಅದೂ ಚಿತ್ರದಲ್ಲಿ ಬಿಳಿ, ಗಂಟೂ ಬಿಳಿ; ಬಿಳಿಯೊಳಗೆ ಬಿಳಿ ಅಡಗಿಬಿಡುತ್ತೆ. ಕೈಗೆ ಗಂಟು ಸಿಕ್ತಿದ್ರೆ ರಿಪೋರ್ಟ್ ನಾರ್ಮಲ್ ಅಂತ ಸುಮ್ನಾಗಬೇಡಿ.

ಬರೆಯೋಕೆ ಪುರುಸೊತ್ತಿಲ್ದಿದ್ರೆ ರಬ್ಬರ್ ಸ್ಟ್ಯಾಂಪ್ ಮಾಡಿಸಿ ಸ್ವಾಮಿ: ‘ಪೌಡರ್ ಬೇಡ. ಹಳೇ ಫಿಲ್ಮ್ ತನ್ನಿ. ಸ್ವಲ್ಪ ಒತ್ತುತ್ತಾರೆ.’ ಖರ್ಚು ನಂದೇ.