ಎಂಟು ಎಂದರೆ ಇಲ್ಲ

ಹೆಬ್ಬೆರಳು, ತೋರುಬೆರಳು ಬಿಡಿಸಿ, ಉಳಿದ ಮೂರು ಬೆರಳು ಮಡಚಿ, ಕೈಯನ್ನು ಎರಡು ಸಲ ತಿರುಗಿಸಿದರೆ ನಮ್ಮ ಶಿರಸಿಯಲ್ಲಿ ಅದರ ಅರ್ಥ ‘ಇಲ್ಲ’. ಬಸ್ಸಿಲ್ಲ, ಚಿಲ್ಲರೆ ಇಲ್ಲ, ಕರೆಂಟಿಲ್ಲ, ಎಲ್ಲದಕ್ಕೂ ನಡೆಯುತ್ತದೆ. ಇದು ಜಗತ್ತಿಗೆಲ್ಲ ಗೊತ್ತಿರುವ ಸಂಗತಿ ಎಂಬ ನಂಬಿಕೆಯಲ್ಲೇ ನಾನು 2017ರ ಸೆಪ್ಟೆಂಬರಿನಲ್ಲಿ ವೈದ್ಯಕೀಯ ಓದಲು ಚೀನಾದ ವುಹಾನ್‌ನಲ್ಲಿ ಹೋಗಿ ಇಳಿದೆ.

ಎರಡನೆಯ ದಿನವೇ ಬಕೆಟ್ ಬೇಕಾಯಿತು. ಹಾಸ್ಟೆಲ್ ಹಿಂದಿನ ಗಲ್ಲಿಯ ಅಂಗಡಿಯಲ್ಲಿ ಬಕೆಟ್‌ಗಳನ್ನು ಗೋಪುರದಂತೆ ಪೇರಿಸಿಟ್ಟಿದ್ದರು. ನೀಲಿ ಬಣ್ಣದ್ದನ್ನು ತೋರಿಸಿ ಹುಬ್ಬು ಹಾರಿಸಿದೆ. ಅಂಗಡಿಯಾಕೆ ಎರಡು ಬೆರಳು ಬಿಡಿಸಿ ಕೈ ಅಲ್ಲಾಡಿಸಿದಳು. ಇಲ್ಲ! ಕಣ್ಣೆದುರಿಗೆ ಇಪ್ಪತ್ತು ಬಕೆಟ್ ಇಟ್ಟುಕೊಂಡು ಇಲ್ಲ ಎನ್ನುತ್ತಾಳಲ್ಲ ಎಂದು ನಾನು ಮಿಕಿಮಿಕಿ ನೋಡುತ್ತಿದ್ದರೆ, ಅದರ ಜೊತೆಗೆ ‘ಬಾ’ ಎಂದಳು. ಇವು ಮಾರುವುದಕ್ಕಲ್ಲ, ಒಳಗೆ ಬೇರೆ ಇವೆ, ಬಾ ಎನ್ನುತ್ತಿರಬೇಕು. ಒಂದು ಹೆಜ್ಜೆ ಒಳಗಿಟ್ಟೆ. ‘ಬಾ!’ ಎಂದಳು. ಇನ್ನೊಂದು ಹೆಜ್ಜೆ. ಕೈ ‘ಇಲ್ಲ’ ಎನ್ನುತ್ತಿದೆ, ಬಾಯಿ ‘ಬಾ’ ಎನ್ನುತ್ತಿದೆ, ದನಿ ಏರುತ್ತಲೇ ಇದೆ. ಇಷ್ಟು ಬಾಯಿ ತುಂಬಾ ಕರೆಯುವಾಗ ಬಾಗಿಲಲ್ಲೇ ನಿಲ್ಲುವುದು ಸರಿಯೇ? ಕೊನೆಗೆ ನಾನು ಗಲ್ಲಾಪೆಟ್ಟಿಗೆಯ ಹಿಂದೆ, ಆಕೆಯ ಊಟದ ಡಬ್ಬಿಯ ಪಕ್ಕದಲ್ಲಿ ನಿಂತಿದ್ದೆ. ಆಕೆಯ ಕಣ್ಣು ಮೂಲೆಯ ಪೊರಕೆಯತ್ತ ಹರಿಯಿತು.

ಹಿಂದೆ ನಿಂತಿದ್ದ ಹುಡುಗನೊಬ್ಬ ಮೊಬೈಲಿನಲ್ಲಿ 8 ಎಂದು ಒತ್ತಿ ನನ್ನ ಮೂಗಿನೆದುರು ಹಿಡಿದ. ಚೀನೀ ಭಾಷೆಯಲ್ಲಿ ‘ಬಾ’ ಎಂದರೆ ಎಂಟು. ಆ ಕೈಸನ್ನೆಯೂ ಎಂಟೇ. ಬಕೆಟ್‌ಗೆ ಎಂಟು ಯುವಾನ್.

ಆ ಹುಡುಗ ನಮ್ಮ ವಿಶ್ವವಿದ್ಯಾಲಯದಲ್ಲೇ ಎಂಜಿನಿಯರಿಂಗ್ ಓದುತ್ತಿದ್ದ. ಬಕೆಟ್ ಹಿಡಿದು ವಾಪಸು ಬರುವಾಗ ದಾರಿಯುದ್ದಕ್ಕೂ ಒಂದೇ ಕೈಯಲ್ಲಿ ಹತ್ತರವರೆಗೆ ಎಣಿಸುವುದನ್ನು ಕಲಿಸಿದ. ಹೆಬ್ಬೆರಳು, ಕಿರುಬೆರಳು ಚಾಚಿದರೆ ಆರು. ನಮ್ಮಲ್ಲಿ ಅದು ಸಂಜೆ ಹೊತ್ತಿನ ಆಹ್ವಾನ. ಬೆರಳ ತುದಿಗಳನ್ನು ಒಟ್ಟುಗೂಡಿಸಿದರೆ ಏಳು. ನಮ್ಮಲ್ಲಿ ಅದು ಊಟ. ತೋರುಬೆರಳನ್ನು ಕೊಕ್ಕೆಯಂತೆ ಬಾಗಿಸಿದರೆ ಒಂಬತ್ತು. ಹಾಸ್ಟೆಲ್ ತಲುಪುವಷ್ಟರಲ್ಲಿ ನನಗೆ ‘ಶಿಯಾವ್ ಬಾ’ ಎಂದು ನಾಮಕರಣವೂ ಆಗಿತ್ತು. ಚಿಕ್ಕ ಎಂಟು ಎಂದರ್ಥ. ಬೇಸರಪಡಬೇಡ, ಎಂಟು ನಮಗೆ ಅದೃಷ್ಟದ ಸಂಖ್ಯೆ, ಸಿರಿ ತರುವ ‘ಫಾ’ ಎಂಬ ಮಾತಿಗೆ ಪ್ರಾಸವಾಗುತ್ತದೆ ಎಂದು ಸಮಾಧಾನವನ್ನೂ ಹೇಳಿದ. ಹೊರಡುವಾಗ ‘ಜೋವ್ ಬಾ’ ಎನ್ನುತ್ತಿದ್ದ. ನಡೆ, ಹೋಗೋಣ ಎಂದು. ಹೋಗುವುದಕ್ಕೂ ಬಾ! ‘ಹೋಗಿ ಬಾ’ ಎನ್ನುವವರ ಊರಿನಿಂದ ಹೋದ ನನಗೆ ಇದೊಂದು ಮಾತ್ರ ಸಲೀಸಾಗಿ ಅರ್ಥವಾಯಿತು.

ಉಳಿದದ್ದಕ್ಕೆಲ್ಲ ಕನ್ನಡದ ಕಿವಿಯೇ ಅಡ್ಡ. ‘ನೀ ಹಾವ್’ ಎಂದರೆ ನಮಸ್ಕಾರ. ಮೊದಲ ವಾರ ಗೇಟಿನ ಕಾವಲುಗಾರನಿಂದ ಹಿಡಿದು ಎಲ್ಲರೂ ನನ್ನನ್ನು ಹಾವು ಎನ್ನುತ್ತಿದ್ದಾರೆ ಅನ್ನಿಸುತ್ತಿತ್ತು. ಹಾವು ಹೋಗಲಿ, ‘ನೀ’ ಎಂದರೆ ಅಲ್ಲಿಯೂ ನೀನೇ, ಅದೊಂದು ಪದ ಪುಕ್ಕಟೆ ಸಿಕ್ಕಿತು ಎಂದು ಹಿಗ್ಗಿದ್ದೆ. ಭಾಷಾ ತರಗತಿಯಲ್ಲಿ ಹೇಳಿದರು: ಗೆಳೆಯರಿಗೆ ‘ನೀ’, ಹಿರಿಯರಿಗೆ ಗೌರವದಿಂದ ‘ನೀನ್’. ಹಿರಿಯರಿಗೆ ನೀನು ಎಂದು ಅಜ್ಜನಿಂದ ಕಿವಿ ಹಿಂಡಿಸಿಕೊಂಡವನು ನಾನು. ಅಂಗರಚನಾಶಾಸ್ತ್ರದ ನರೆಗೂದಲಿನ ಪ್ರಾಧ್ಯಾಪಕರು ಎದುರಾದಾಗ ನಾಲಿಗೆ ಏಳಲೇ ಇಲ್ಲ. ಕೊನೆಗೆ ಕೈಮುಗಿದು ‘ನೀವ್ ಹಾವ್’ ಎಂದುಬಿಟ್ಟೆ. ಅವರು ನಿಂತು, ಇದು ಯಾವ ಪ್ರಾಂತ್ಯದ ಮಾತು ಎಂದು ಆಸಕ್ತಿಯಿಂದ ವಿಚಾರಿಸಿದರು.

ಚಳಿಗಾಲದ ಕಥೆ ಬೇರೆ. ಚೀನಾದ ಉತ್ತರದ ನಗರಗಳಲ್ಲಿ ಕೊಳವೆಯ ಮೂಲಕ ಮನೆಮನೆಗೂ ಶಾಖ ಹರಿಸುತ್ತಾರೆ. ವುಹಾನ್ ಆ ಗೆರೆಯ ದಕ್ಷಿಣಕ್ಕಿದೆ. ಬೇಸಿಗೆಯಲ್ಲಿ ಕುಲುಮೆ ಎಂದು ಹೆಸರಾದ ಊರು ಜನವರಿಯಲ್ಲಿ ಕೋಣೆಯೊಳಗೇ ಹಲ್ಲು ಕಟಕಟಿಸುತ್ತದೆ. ನನಗೆ ಜ್ವರ ಬಂತು. ಗೆಳೆಯ ಬಂದು ಬಿಸಿನೀರು ಕುಡಿ ಎಂದ. ತಲೆನೋವೆಂದೆ, ಬಿಸಿನೀರು. ಜೀವರಸಾಯನಶಾಸ್ತ್ರದಲ್ಲಿ ನಪಾಸಾದೆ ಎಂದೆ. ಒಂದು ಕ್ಷಣ ಯೋಚಿಸಿ, ಅದಕ್ಕೂ ಬಿಸಿನೀರು. ನನ್ನ ಅಜ್ಜಿ ಇದಕ್ಕೇ ಜೀರಿಗೆ, ಕೊತ್ತಂಬರಿ ಹಾಕಿ ಕಷಾಯ ಎನ್ನುತ್ತಾಳೆ.

ಮರುದಿನ ಬೆಳಗ್ಗೆ ಎರಡು ಕಾಗದದ ಬಟ್ಟಲುಗಳಲ್ಲಿ ‘ರೆ ಗಾನ್ ಮಿಯೆನ್’ ತಂದ. ವುಹಾನ್‌ನ ಬೆಳಗಿನ ತಿಂಡಿ ಅದು: ಬಿಸಿನೀರಿನಲ್ಲಿ ಅದ್ದಿ ತೆಗೆದ ನೂಡಲ್ಸಿಗೆ ಎಳ್ಳಿನ ಗಟ್ಟಿ ಗೊಜ್ಜು, ಮೇಲೆ ಉಪ್ಪಿನಲ್ಲಿ ಹಾಕಿದ ಮೂಲಂಗಿ ಚೂರು. ಮಾಂಸವಿಲ್ಲ. ಎಳ್ಳಿನ ವಾಸನೆಗೆ ನನ್ನ ಅರ್ಧ ಜ್ವರ ಇಳಿಯಿತು. ತಿನ್ನುತ್ತೀಯಾ ಎಂದು ಕೇಳಿದ. ಬಾಯಲ್ಲಿ ನೀರು ತುಂಬಿದ್ದರಿಂದ ಮಾತಾಡದೆ, ನಮ್ಮ ಕಡೆಯವರಂತೆ ತಲೆಯನ್ನು ಆಚೆ ಈಚೆ ಓಲಾಡಿಸಿದೆ. ‘ಓ, ಬೇಡವೇ’ ಎಂದು ಮರುಕದಿಂದ ನೋಡಿ, ನನ್ನ ಹಾಸಿಗೆಯ ಅಂಚಿನಲ್ಲೇ ಕುಳಿತು ಎರಡೂ ಬಟ್ಟಲು ಬರಿದು ಮಾಡಿದ. ಹೋಗುವಾಗ ಬಿಸಿನೀರು ಬಗ್ಗಿಸಿಟ್ಟ.

ಹಾಸ್ಟೆಲ್ ನೋಡಿಕೊಳ್ಳುವ ಹೆಂಗಸನ್ನು ಅಲ್ಲಿ ‘ಆಯೀ’ ಎನ್ನುತ್ತಾರೆ. ನಮ್ಮ ಹವ್ಯಕರ ಮನೆಗಳಲ್ಲಿ ಆಯಿ ಎಂದರೆ ಹೆತ್ತ ತಾಯಿ. ಒಂದು ಭಾನುವಾರ ಮನೆಗೆ ವಿಡಿಯೊ ಕರೆ ಮಾಡಿದ್ದಾಗ ವುಹಾನ್ ಆಯೀ ಪರದೆಯೊಳಗೆ ಇಣುಕಿದರು. ಮಗನ ಊಟ ಹೇಗೆ ನಡೆದಿದೆ ಎಂದು ಕೇಳಲು ಶಿರಸಿ ಆಯಿ ಬೆರಳ ತುದಿಗಳನ್ನು ಒಟ್ಟುಗೂಡಿಸಿ ತೋರಿಸಿದಳು. ಇವನು ಬೆಳಗ್ಗೆ ಏಳಕ್ಕೆ ಏಳುತ್ತಾನೆಯೇ ಎಂದು ತಾಯಿ ಕೇಳುತ್ತಿದ್ದಾಳೆ ಎಂದುಕೊಂಡ ಅವರು ಜೋರಾಗಿ ನಕ್ಕು, ಹೆಬ್ಬೆರಳು, ತೋರುಬೆರಳು ಬಿಡಿಸಿ ಎರಡೆರಡು ಸಲ ಕೈ ಅಲ್ಲಾಡಿಸಿದರು.

ಆಯಿಯ ಮುಖ ಸಣ್ಣದಾಯಿತು. “ಊಟವೇ ಇಲ್ಲವಂತಲ್ಲೋ!”

“ಹಾಗಲ್ಲ ಆಯಿ, ಅವರು ಹೇಳುತ್ತಿರುವುದು...”

“ಬಾ! ಬಾ!” ಎಂದು ವುಹಾನ್ ಆಯೀ ಮತ್ತೆ ಒತ್ತಿ ಹೇಳಿದರು.

“ನೀನು ಸುಮ್ಮನಿರು. ಪಾಪ, ಅವರೇ ಕರೆಯುತ್ತಿದ್ದಾರೆ,” ಎಂದು ಆಯಿ ಸೆರಗು ಸಿಕ್ಕಿಸಿಕೊಂಡಳು. “ಪಾಸ್‌ಪೋರ್ಟ್ ಮಾಡಿಸುವುದಕ್ಕೆ ಎಷ್ಟು ದಿನ ಬೇಕು?”